ಮನೆಯಲ್ಲಿ ಜೋಡಿಸುವ ಸೌರಫಲಕ: ಕಲಿಕೆಗೆ ಎಷ್ಟು, ಛಾವಣಿಗೆ ಎಷ್ಟು?



ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮಗೆ ವರ್ಷದಲ್ಲಿ ಎಂಟು ತಿಂಗಳು ಬಿಸಿಲಿಗೆ ಕೊರತೆಯಿಲ್ಲ. ಉಳಿದ ನಾಲ್ಕು ತಿಂಗಳು ಮಳೆಗೆ ಕೊರತೆಯಿಲ್ಲ. ನಾನು ಇಂದು ಹೇಳಲಿರುವ ವಿಷಯಕ್ಕೆ ಈ ಎರಡೂ ಸಂಗತಿಗಳು ಸಮಾನವಾಗಿ ಸಂಬಂಧಿಸಿವೆ. ಬಿಡಿ ಸೌರಕೋಶಗಳನ್ನು ಕೊಂಡು ತಂದು, ಮನೆಯಲ್ಲಿಯೇ ಬೆಸೆದು, ಸ್ವಂತ ಸೌರಫಲಕವನ್ನು ಮಾಡಿಕೊಳ್ಳಬಹುದೇ ಎಂದು ಅನೇಕರು, ವಿಶೇಷವಾಗಿ ವಿದ್ಯಾರ್ಥಿಗಳು, ಕೇಳುತ್ತಾರೆ. ಮಾಡಬಹುದು. ಆದರೆ ಯಾವ ಉದ್ದೇಶಕ್ಕೆ ಮಾಡಬೇಕು, ಯಾವುದಕ್ಕೆ ಮಾಡಬಾರದು ಎಂಬ ವಿವೇಚನೆ ಅಗತ್ಯ.

ಬಳಕೆಗೆ ಯೋಗ್ಯವಾದ ಸಿಲಿಕಾನ್ ಸೌರಕೋಶವು ಮೊದಲು ಬೆಳಕಿಗೆ ಬಂದದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಂದು ಅದು ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು 6 ಪಾಲನ್ನು ಮಾತ್ರ ವಿದ್ಯುತ್ತನ್ನಾಗಿ ಪರಿವರ್ತಿಸುತ್ತಿತ್ತು. ಇಂದಿನ ಉತ್ತಮ ಫಲಕಗಳು 20ಕ್ಕೂ ಹೆಚ್ಚು ಪಾಲನ್ನು ಪರಿವರ್ತಿಸುತ್ತವೆ. ನಮ್ಮ ದೇಶದಲ್ಲಿ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1977ರಲ್ಲಿ ಸೌರಕೋಶವನ್ನೂ 1978ರಲ್ಲಿ ಸೌರಫಲಕವನ್ನೂ ತಯಾರಿಸಿತು. ಕೋಶಕ್ಕೂ ಫಲಕಕ್ಕೂ ನಡುವೆ ಒಂದು ವರ್ಷದ ಅಂತರವಿತ್ತೆಂಬುದನ್ನು ಗಮನಿಸಿರಿ. ಕೋಶ ಬೇರೆ, ಫಲಕ ಬೇರೆ. ಇದೇ ಈ ಮಾತಿನ ಸಾರ.

ಒಂದು ಸೌರಕೋಶವು ದೊಡ್ಡದಿರಲಿ ಚಿಕ್ಕದಿರಲಿ, ಕೆಲಸ ಮಾಡುವಾಗ ಸುಮಾರು ಅರ್ಧ ವೋಲ್ಟ್ ಮಾತ್ರ ಕೊಡುತ್ತದೆ. ಅದು ಹರಿಸುವ ವಿದ್ಯುತ್ ಪ್ರವಾಹವಾದರೋ ಅದರ ವಿಸ್ತೀರ್ಣವನ್ನೂ ಬಿಸಿಲಿನ ತೀವ್ರತೆಯನ್ನೂ ಅವಲಂಬಿಸಿರುತ್ತದೆ. ಆರು ಅಂಗುಲ ಚೌಕದ ಒಂದು ಕೋಶದಿಂದ ಪೂರ್ಣ ಬಿಸಿಲಿನಲ್ಲಿ ನಾಲ್ಕು ವ್ಯಾಟಿಗಿಂತ ಸ್ವಲ್ಪ ಹೆಚ್ಚು ದೊರೆಯುತ್ತದೆ. ಹತ್ತನೆಯ ಒಂದು ಪಾಲಿನ ತುಣುಕುಗಳನ್ನು 36ರಂತೆ ಸರಣಿಯಲ್ಲಿ ಜೋಡಿಸಿದರೆ 18 ವೋಲ್ಟಿನ, ಸುಮಾರು 15 ವ್ಯಾಟಿನ ಪುಟ್ಟ ಫಲಕ ಸಿದ್ಧವಾಗುತ್ತದೆ.

ಹನ್ನೆರಡು ವೋಲ್ಟಿನ ಬ್ಯಾಟರಿಗೆ ಹದಿನೆಂಟು ವೋಲ್ಟ್ ಏಕೆ ಎಂಬ ಪ್ರಶ್ನೆ ಸಹಜ. ಕೋಶವು ಬಿಸಿಯಾದಂತೆ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಏಪ್ರಿಲ್ ತಿಂಗಳ ಕಲ್ಯಾಣದ ಬಿಸಿಲಿನಲ್ಲಿ ಕೋಶಗಳು 60 ಡಿಗ್ರಿ ಮುಟ್ಟಿದಾಗ ಹದಿನೆಂಟು ವೋಲ್ಟ್ ಹದಿನೈದೂವರೆಗೆ ಬರುತ್ತದೆ. ಸೀಸದ ಬ್ಯಾಟರಿ ತುಂಬಲು ಹದಿನಾಲ್ಕೂವರೆಯಷ್ಟಾದರೂ ಬೇಕು. ಆದುದರಿಂದಲೇ 36ರ ಲೆಕ್ಕ.

ಜೋಡಣೆಯ ಕ್ರಮ ಕಠಿಣವಲ್ಲ, ಆದರೆ ತಾಳ್ಮೆ ಬೇಡುತ್ತದೆ. ಕೋಶದ ದಪ್ಪ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಹಪ್ಪಳದಂತೆ ಮುರಿಯುತ್ತದೆ. ಪ್ರತಿಯೊಂದು ತುಣುಕನ್ನೂ ಮೊದಲು ಬಿಸಿಲಿಗೆ ಹಿಡಿದು ಮಲ್ಟಿಮೀಟರಿನಿಂದ ಪರೀಕ್ಷಿಸಿ, ಧನ ಋಣ ಮುಖಗಳನ್ನು ಗುರುತಿಸಿಕೊಳ್ಳಬೇಕು. ಬಳಿಕ ತವರ ಲೇಪಿಸಿದ ತಾಮ್ರದ ಪಟ್ಟಿಯಿಂದ ಒಂದರ ಮೇಲ್ಮುಖವನ್ನು ಮುಂದಿನದರ ಹಿಂಬದಿಗೆ ಬೆಸೆಯಬೇಕು. ಎಲ್ಲ ತುಣುಕುಗಳೂ ಒಂದೇ ಅಳತೆಯವಾಗಿರಬೇಕು, ಏಕೆಂದರೆ ಸರಣಿಯಲ್ಲಿ ಅತಿ ದುರ್ಬಲವಾದ ಕೋಶವೇ ಇಡೀ ಸಾಲಿನ ಪ್ರವಾಹವನ್ನು ನಿರ್ಧರಿಸುತ್ತದೆ. ಬೆಸುಗೆಯ ಹೊಗೆ ಮನೆಯೊಳಗೆ ನಿಲ್ಲದಂತೆ ಕಿಟಕಿ ತೆರೆದಿರಲಿ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜ್ ನಿಯಂತ್ರಕ ಕಡ್ಡಾಯವಾಗಿ ಇರಲಿ.

ಹೀಗೆ ಮಾಡಿದ ಫಲಕವು ಒಂದು ಓದುವ ದೀಪವನ್ನು ಬೆಳಗಿಸಿದಾಗ ಮಕ್ಕಳಿಗೆ ದೊರೆಯುವ ತಿಳಿವಳಿಕೆಯು ಪಠ್ಯಪುಸ್ತಕದಿಂದ ದೊರೆಯುವಂಥದಲ್ಲ. ಈ ಉದ್ದೇಶಕ್ಕಾಗಿ ಇದನ್ನು ಅವಶ್ಯ ಮಾಡಿರಿ.

ಆದರೆ ಇದೇ ಫಲಕವನ್ನು ಛಾವಣಿಯ ಮೇಲೆ ಶಾಶ್ವತವಾಗಿ ಇಡುವ ಮಾತು ಬೇರೆ. ಕಾರ್ಖಾನೆಯ ಫಲಕದಲ್ಲಿ ಕೋಶಗಳನ್ನು ಎರಡು ಪಾರದರ್ಶಕ ಹಾಳೆಗಳ ನಡುವೆ ಇರಿಸಿ, ಮೇಲೆ ಹದಗೊಳಿಸಿದ ಗಾಜು, ಕೆಳಗೆ ರಕ್ಷಣಾ ಹಾಳೆ ಹಾಕಿ, ಗಾಳಿಯನ್ನು ಪೂರ್ತಿ ಹೊರತೆಗೆದು, ಸುಮಾರು 150 ಡಿಗ್ರಿ ಶಾಖದಲ್ಲಿ ಒಂದೇ ಗಟ್ಟಿ ಪದರವಾಗಿ ಬೆಸೆಯುತ್ತಾರೆ. ಮನೆಯಲ್ಲಿ ನಾವು ಮಾಡಬಲ್ಲದ್ದು ಪ್ಲೈವುಡ್ ಪೆಟ್ಟಿಗೆ, ಅಕ್ರಿಲಿಕ್ ಹಾಳೆ ಮತ್ತು ಸಿಲಿಕೋನ್ ಅಂಟು. ಖಾಡಿಯ ಉಪ್ಪುಗಾಳಿಯೂ ಕೊಂಕಣದ ಜಡಿಮಳೆಯೂ ಅಂಥ ಪೆಟ್ಟಿಗೆಯೊಳಗೆ ತೇವವನ್ನು ನುಗ್ಗಿಸುತ್ತವೆ. ಆಗ ಕೋಶದ ಮೇಲಿನ ಬೆಳ್ಳಿಯ ಗೆರೆಗಳು ಕಪ್ಪಾಗುತ್ತವೆ, ಬೆಸುಗೆಗಳು ಸಡಿಲವಾಗುತ್ತವೆ.

ಇದಕ್ಕಿಂತ ಗಂಭೀರವಾದುದು ಬೆಂಕಿಯ ಅಪಾಯ. ಸಾಲಿನಲ್ಲಿ ಒಂದು ಕೋಶದ ಮೇಲೆ ಮಾತ್ರ ನೆರಳು ಬಿದ್ದರೆ ಅದು ವಿದ್ಯುತ್ ಕೊಡುವುದರ ಬದಲು ಉಳಿದ ಕೋಶಗಳ ವಿದ್ಯುತ್ತನ್ನು ತಾನೇ ನುಂಗಿ ಕಾಯುತ್ತದೆ. ಇದನ್ನು ತಡೆಯಲು ಕಾರ್ಖಾನೆಯ ಫಲಕದಲ್ಲಿ ಪರ್ಯಾಯ ದಾರಿ ಒದಗಿಸುವ ಡಯೋಡುಗಳಿರುತ್ತವೆ. ಅವಿಲ್ಲದ ಮರದ ಪೆಟ್ಟಿಗೆಯಲ್ಲಿ ಕಾದ ಕೋಶದ ಪಕ್ಕದಲ್ಲಿಯೇ ಸುಡುವ ವಸ್ತುವಿರುತ್ತದೆ. ಇನ್ನು, ಅನೇಕ ಫಲಕಗಳನ್ನು ಸಾಲಾಗಿ ಕೂಡಿಸಿದಾಗ ಉಂಟಾಗುವ ನೂರಾರು ವೋಲ್ಟಿನ ನೇರ ವಿದ್ಯುತ್ತಿನ ಕಿಡಿಯು ಮನೆಯ ಸಾಮಾನ್ಯ ವಿದ್ಯುತ್ತಿನ ಕಿಡಿಯಂತೆ ಸುಲಭವಾಗಿ ನಂದುವುದಿಲ್ಲ. ಸೂರ್ಯನಿಗೆ ಸ್ವಿಚ್ ಇಲ್ಲವೆಂಬುದನ್ನು ಮರೆಯಬಾರದು.

ಹಾಗಾದರೆ ಸಾಮಾನ್ಯ ಜನರು ಫಲಕ ತಯಾರಿಕೆಯಿಂದ ದೂರವೇ ಉಳಿಯಬೇಕೇ? ಇಲ್ಲ. ಠಾಣೆಗೆ ಸಮೀಪದ ಪವಾಯಿಯಲ್ಲಿರುವ ಐಐಟಿ ಬಾಂಬೆಯ ಮಾರ್ಗದರ್ಶನದಲ್ಲಿ ರಾಜಸ್ಥಾನದ ಡೂಂಗರಪುರದ ಬುಡಕಟ್ಟಿನ ಮಹಿಳೆಯರು ಮೊದಲು ಸೌರದೀಪಗಳನ್ನು ಜೋಡಿಸಲು ಕಲಿತರು. ಅನಂತರ 2017ರಲ್ಲಿ ಸೌರಫಲಕಗಳ ತಯಾರಿಕಾ ಘಟಕವನ್ನೇ ಆರಂಭಿಸಿದರು. ಕೌಶಲವು ಯಾರ ಸ್ವತ್ತೂ ಅಲ್ಲವೆಂಬುದಕ್ಕೆ ಇದು ನಿದರ್ಶನ. ಆದರೆ ಅವರು ಅಡಿಗೆಮನೆಯ ಮೇಜಿನ ಮೇಲೆ ಅಲ್ಲ, ತರಬೇತಿ ಪಡೆದು, ಸಲಕರಣೆಗಳುಳ್ಳ ಘಟಕದಲ್ಲಿ ಈ ಕೆಲಸ ಮಾಡಿದರು.

ಛಾವಣಿಯ ವಿದ್ಯುತ್ತಿಗೆ ಸರ್ಕಾರದ ನೆರವು ಲಭ್ಯವಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗೆ ಮೊದಲ ಎರಡು ಕಿಲೋವ್ಯಾಟುಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ವಸತಿ ಸಹಕಾರ ಸಂಘಗಳು ಲಿಫ್ಟ್, ನೀರಿನ ಪಂಪು ಮೊದಲಾದ ಸಾಮಾನ್ಯ ಸೌಕರ್ಯಗಳಿಗಾಗಿ ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿ ಪಡೆಯಬಹುದು. ಆದರೆ ಬಳಸುವ ಫಲಕಗಳು ಪ್ರಮಾಣೀಕೃತವಾಗಿರಬೇಕು, ಸ್ವದೇಶದಲ್ಲಿ ತಯಾರಾಗಿರಬೇಕು, ನೋಂದಾಯಿತ ಮಾರಾಟಗಾರರೇ ಅಳವಡಿಸಬೇಕು. ಮನೆಯಲ್ಲಿ ಮಾಡಿದ ಫಲಕಕ್ಕೆ ಈ ಸಹಾಯಧನ ದೊರೆಯುವುದಿಲ್ಲ.

ನಮ್ಮಲ್ಲಿ ಬಹುತೇಕರು ವಾಸಿಸುವುದು ಬಹುಮಹಡಿ ಕಟ್ಟಡಗಳಲ್ಲಿ. ಅಲ್ಲಿ ಛಾವಣಿ ಎಲ್ಲರಿಗೂ ಸೇರಿದ್ದು. ಅಪಾಯವೂ ಎಲ್ಲರದು, ಲಾಭವೂ ಎಲ್ಲರದು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಸಾಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ನಿರೀಕ್ಷಿಸಬಹುದು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿರಿ. ಅದೇ ಸಂದರ್ಭದಲ್ಲಿ ನಿಮ್ಮ ಮಕ್ಕಳು ಬೆಸೆದ ಪುಟ್ಟ ಫಲಕವನ್ನೂ ಮೇಜಿನ ಮೇಲಿಟ್ಟು ತೋರಿಸಿರಿ. ಫಲಕವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಕಣ್ಣಾರೆ ಕಂಡವರು ಛಾವಣಿಗೆ ಯಾವುದನ್ನು ಕೊಳ್ಳಬೇಕೆಂಬುದನ್ನೂ ಸರಿಯಾಗಿ ನಿರ್ಣಯಿಸಬಲ್ಲರು.