ಬದ್ರ್‌ಗೆ ಹೋಗದೆ ಪತ್ನಿಯ ಬಳಿ ಉಳಿದವರು

(ಮೋರಖಂಡಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಹಿಜರಿ 2ನೇ ವರ್ಷದ ರಮಝಾನ್‌ನಲ್ಲಿ ಪ್ರವಾದಿ(ಸ)ರು ಮುನ್ನೂರಕ್ಕೂ ಹೆಚ್ಚು ಸಂಗಡಿಗರೊಂದಿಗೆ ಬದ್ರ್‌ನತ್ತ ಹೊರಟಾಗ ಹಝ್ರತ್ ಉಸ್ಮಾನ್(ರ) ಜೊತೆಗಿರಲಿಲ್ಲ. ಅವರ ಪತ್ನಿ, ಪ್ರವಾದಿವರ್ಯರ ಪುತ್ರಿ ರುಖಯ್ಯಾ(ರ) ಹಾಸಿಗೆ ಹಿಡಿದಿದ್ದರು. ಮದೀನಾದಲ್ಲೇ ಉಳಿದು ಆಕೆಯನ್ನು ನೋಡಿಕೊಳ್ಳಲು ಹೇಳಿದವರು ಸ್ವತಃ ಪ್ರವಾದಿ(ಸ). ಬದ್ರ್‌ನಲ್ಲಿ ಹೋರಾಡಿದವನ ಪ್ರತಿಫಲವೂ ಪಾಲೂ ಉಸ್ಮಾನರಿಗಿದೆ ಎಂದು ಅವರು ತಿಳಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ರುಖಯ್ಯಾ ಬದುಕಲಿಲ್ಲ. ಗೆಲುವಿನ ಸುದ್ದಿ ಮದೀನಾಕ್ಕೆ ಬಂದಾಗ ಜನರು ಆಕೆಯ ಕಬರ್‌ಗೆ ಮಣ್ಣು ಹಾಕುತ್ತಿದ್ದರು. ರೋಗಿ ಉಳಿಯಲಿಲ್ಲವೆಂದು ಆರೈಕೆಯ ಪ್ರತಿಫಲ ಕಡಿಮೆಯಾಗಲಿಲ್ಲ.

ವರ್ಷಗಳ ನಂತರ ಒಬ್ಬಾತ, ಉಸ್ಮಾನ್ ಬದ್ರ್‌ಗೆ ಬಂದಿರಲಿಲ್ಲವಲ್ಲ ಎಂದು ಕೊಂಕು ತೆಗೆದ. ಇಬ್ನು ಉಮರ್(ರ) ಅವನನ್ನು ಕರೆದು ಕಾರಣವನ್ನು ವಿವರಿಸಿ ಬಾಯಿ ಮುಚ್ಚಿಸಿದರು. ಹೆಂಡತಿಯ ಸೇವೆ ಮಾಡುವವನನ್ನು ಆಡಿಕೊಳ್ಳುವ ಚಾಳಿ ಹೊಸದೇನಲ್ಲ ನೋಡಿ.

ನಮ್ಮ ಕಡೆ ಗಂಡನಿಗೆ ಆಪರೇಷನ್ ಆದರೆ ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಹತ್ತು ರಾತ್ರಿ ಕಳೆಯುತ್ತಾಳೆ. ಹೆಂಡತಿಗೆ ಆದರೆ? ಆಕೆಯ ತಾಯಿಯನ್ನೋ ತಂಗಿಯನ್ನೋ ಕರೆಸಿ, ಕೈಗೆ ಹಣ ಕೊಟ್ಟು, ಗಂಡ ಬೀದರ್‌ನಿಂದಲೋ ಕಲಬುರಗಿಯಿಂದಲೋ ಸಂಜೆಯ ಬಸ್ಸಿಗೆ ಊರು ಸೇರುತ್ತಾನೆ. ಮಹಿಳಾ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ ಎನ್ನುತ್ತಾರೆ. ನಿಜ, ಹಲವು ಕಡೆ ಬಿಡುವುದಿಲ್ಲ. ಆದರೆ ಹೊರಗೆ ವರಾಂಡ ಇದೆ. ಔಷಧಿ ಚೀಟಿ ಹಿಡಿದು ಓಡಲು, ರಕ್ತಕ್ಕೆ ವ್ಯವಸ್ಥೆ ಮಾಡಲು, ಬೆಳಿಗ್ಗೆ ಡಾಕ್ಟರ್ ರೌಂಡ್ಸಿಗೆ ಬಂದಾಗ ಎದುರು ನಿಂತು ಕೇಳಲು ಗಂಡ ಬೇಕು. ಆಪರೇಷನ್ ಥಿಯೇಟರಿನಿಂದ ಹೊರಬಂದು ಕಣ್ಣು ಬಿಟ್ಟಾಗ ಅವಳು ಹುಡುಕುವ ಮುಖ ಯಾರದು?

ಜೊತೆ ನಿಲ್ಲುವುದು ಆಸ್ಪತ್ರೆಗೆ ಸೇರಿಸುವ ಮೊದಲೇ ಆರಂಭವಾಗಬೇಕು. ಈ ಆಪರೇಷನ್ ಬೇಕೇ, ಮಾತ್ರೆಯಿಂದ ವಾಸಿಯಾಗದೇ, ಎಂದು ಕೇಳಿ. ಮುಖ್ಯವಾಗಿ ಗರ್ಭಕೋಶ ತೆಗೆಸಿ ಎಂದಾಗ ಇನ್ನೊಬ್ಬ ಡಾಕ್ಟರನ್ನು ಕಾಣದೆ ಒಪ್ಪಬೇಡಿ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲೇ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ದೂರುಗಳು ಎದ್ದಿದ್ದವು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಸುಪ್ರೀಂ ಕೋರ್ಟೇ 2023ರಲ್ಲಿ ರಾಜ್ಯಗಳಿಗೆ ಸೂಚನೆ ಕೊಡಬೇಕಾಯಿತು. ಒಪ್ಪಿಗೆ ಪತ್ರದಲ್ಲಿ ಏನಿದೆಯೆಂದು ಆಕೆಗೂ ಓದಿ ಹೇಳಿ. ಕೊಯ್ಯುವುದು ಆಕೆಯ ಶರೀರವನ್ನು. ಖರ್ಚಿನ ವಿಷಯ: ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಬಡ್ಡಿ ಸಾಲಕ್ಕೆ ಕೈಯೊಡ್ಡುವ ಮುನ್ನ ಸರಕಾರಿ ಆಸ್ಪತ್ರೆಯಲ್ಲಿ ಅದನ್ನು ವಿಚಾರಿಸಿ.

ಏನೂ ತಿನ್ನಿಸಬೇಡಿ ಎಂದಿದ್ದರೂ, ಪಾಪ ಹಸಿದಿದ್ದಾಳೆಂದು ಚಹಾ ಬಿಸ್ಕತ್ತು ಕೊಡುವ ಚಾಚಿಯಂದಿರು ಇದ್ದಾರೆ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆಪರೇಷನ್ ಮುಗಿದ ಮೇಲೆ ಡಾಕ್ಟರ್ ಎದ್ದು ನಡೆಯಲು ಹೇಳಿದರೆ ಕೈ ಹಿಡಿದು ನಡೆಸಿ. ಅಲುಗಾಡದೆ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮನೆಗೆ ಬಂದ ಬಳಿಕ ಜ್ವರ ಬಂದರೆ, ಗಾಯ ಕೆಂಪಾಗಿ ಊದಿದರೆ, ಕೀವು ಕಂಡರೆ ಅರಿಶಿನ ಹಚ್ಚಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ನಮಾಝ್‌ನ ಬಗ್ಗೆ ಹಲವರು ಕೇಳುತ್ತಾರೆ. ನಿಲ್ಲಲಾಗದವರು ಕುಳಿತು, ಅದೂ ಆಗದಿದ್ದರೆ ಮಲಗಿಯೇ ನಮಾಝ್ ಮಾಡಬಹುದು. ನೀರಿನಿಂದ ಹಾನಿಯಿದ್ದರೆ ತಯಮ್ಮುಮ್ ಇದೆ. ಬಿಟ್ಟು ಬಂದರೆ ರೋಗಿಗೆ ತೊಂದರೆಯಾಗುವಂತಿದ್ದರೆ ಆರೈಕೆಗೆ ನಿಂತವನಿಗೆ ಜುಮಾ ಕಡ್ಡಾಯವಲ್ಲ, ಅಲ್ಲೇ ಝುಹರ್ ನಿರ್ವಹಿಸಲಿ. ಆ ಶುಕ್ರವಾರ ಅವನು ಮಸೀದಿಯಲ್ಲಿ ಕಾಣಲಿಲ್ಲವೆಂದು ಯಾರೂ ಬೆರಳು ತೋರಿಸಬಾರದು.

ಡಿಸ್ಚಾರ್ಜ್ ಆಯಿತೆಂದರೆ ಗುಣವಾಯಿತೆಂದಲ್ಲ. ಹೊಟ್ಟೆ ಕೊಯ್ದವಳು ಡಾಕ್ಟರ್ ಹೇಳಿದಷ್ಟು ವಾರ ಕೊಡ ಎತ್ತಬಾರದು, ಹಿಂಡಿ ಬಟ್ಟೆ ಒಗೆಯಬಾರದು. ಹಾಗಾದರೆ ಯಾರು ಮಾಡಬೇಕು? ನೀವೇ. ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಹೇಳಿದ್ದಾರೆ. ರೊಟ್ಟಿ ಬಡಿಯಲು ಬರುವುದಿಲ್ಲವಾದರೆ ಅನ್ನ ಬೇಯಿಸಿ. ನೋಡಲು ಬಂದವರು ಸ್ವಲ್ಪ ಹೊತ್ತು ಕುಳಿತು ದುಆ ಮಾಡಿ ಏಳಲಿ. ಬಂದವರಿಗೆಲ್ಲ ಚಹಾ ಮಾಡಲು ಆಕೆ ಏಳುವಂತಾಗಬಾರದು.

ಇನ್ನು, ಸೋಯಾ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂರಲು ಎಲ್ಲರಿಗೂ ಆಗುವುದಿಲ್ಲ ಎಂಬುದು ಗೊತ್ತು. ಅವನ ಎಮ್ಮೆಗೆ ಮೇವು ಹಾಕುವವರು, ಮಕ್ಕಳಿಗೆ ಊಟ ಕೊಟ್ಟು ಶಾಲೆಗೆ ಕಳಿಸುವವರು, ಒಂದು ದಿನದ ರಾಶಿ ಮುಗಿಸಿಕೊಡುವವರು ಈ ಸಫ್‌ಗಳಲ್ಲೇ ಇದ್ದೀರಿ. ನಮಾಝ್ ಮುಗಿದ ಮೇಲೆ ಹೊರಗೆ ನಿಂತು, ಈಗ ಯಾರ ಮನೆಯವರು ಆಸ್ಪತ್ರೆಯಲ್ಲಿದ್ದಾರೆಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡು ಹೋಗಿ.