ಹತ್ತಿಯ ಕಾಲದ ಶೇರು, ಈ ಕಾಲದ ಯಂತ್ರಬುದ್ಧಿ
(ನಮ್ಮ ಸಂಘದ ಮುಂಬಯಿ ಸಭೆಯಲ್ಲಿ ಮಾಡಿದ ಭಾಷಣ)



ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆಯಲು ನಿಂತ ನಮಗೆ ಯಂತ್ರಬುದ್ಧಿಯ ಬಗ್ಗೆ ಮಾತನಾಡುವ ಅಧಿಕಾರವೇನು ಎಂದು ನೀವು ಕೇಳಬಹುದು. ಆ ಯಂತ್ರದ ಹೊಟ್ಟೆಯೊಳಗೆ ಏನು ನಡೆಯುತ್ತದೆಂಬುದನ್ನು ನಾವು ಹೇಳಲು ಹೋಗುವುದಿಲ್ಲ. ಅದರ ಸುತ್ತ ಹಣ ಕುಣಿಯುವ ಬಗೆಯನ್ನು ಮಾತ್ರ ಹೇಳುತ್ತೇವೆ. ಅಂತಹ ಕುಣಿತ ಇದೇ ಊರಿನಲ್ಲಿ ಒಮ್ಮೆ ನಡೆದುಹೋಗಿದೆ.

ಹೋದ ತಿಂಗಳು ಒಂದೇ ಸಂಜೆ ನಮ್ಮವರಿಬ್ಬರು ಸಂಘದ ಕೋಣೆಗೆ ಬಂದರು. ಒಬ್ಬರು ಊರಿನ ಮನೆಯ ಮಾಡು ರಿಪೇರಿಗೆಂದು ಕೂಡಿಟ್ಟ ಹಣವನ್ನು ಈ ಹೊಸ ಯಂತ್ರದ ಶೇರಿಗೆ ಹಾಕಲೇ ಎಂದು ಕೇಳಿದರು. ಇನ್ನೊಬ್ಬರು ಗಲ್ಲೆಯಲ್ಲಿ ಬಿಲ್ಲು ಬರೆಯುವವರು. "ಅಣ್ಣಾ, ನಮ್ಮ ಕೆಲಸ ಉಳಿದೀತೇ?" ಎಂದು ಅವರ ಪ್ರಶ್ನೆ. ಒಬ್ಬರಿಗೆ ಆಸೆ, ಒಬ್ಬರಿಗೆ ಹೆದರಿಕೆ. ಎರಡೂ ಹುಟ್ಟಿದ್ದು ಒಂದೇ ಯಂತ್ರದಿಂದ.

2022ರ ನವೆಂಬರ 30ರಂದು ಚಾಟ್‌ಜಿಪಿಟಿ ಎಂಬುದು ಹೊರಬಂತು. ಕೇಳಿದ್ದಕ್ಕೆ ಉತ್ತರ ಬರೆಯುವ, ಚಿತ್ರ ಬಿಡಿಸುವ, ಲೆಕ್ಕ ಜೋಡಿಸುವ ಯಂತ್ರಗಳು ಅದರ ಬೆನ್ನಿಗೇ ಸಾಲುಗಟ್ಟಿ ಬಂದವು. ಇವುಗಳಿಗೆ ಬೇಕಾದ ಚಿಪ್ಪುಗಳನ್ನು ರೂಪಿಸಿ ಮಾರುವ ಎನ್ವಿಡಿಯಾ ಕಂಪನಿಯ ಶೇರುಗಳ ಒಟ್ಟು ಬೆಲೆ 2025ರ ಅಕ್ಟೋಬರಿನಲ್ಲಿ 5 ಲಕ್ಷ ಕೋಟಿ ಡಾಲರು ಮುಟ್ಟಿತು. ಅದಕ್ಕೊಂದು ತಿಂಗಳು ಮುಂಚೆ ಅದೇ ಕಂಪನಿ, ಚಾಟ್‌ಜಿಪಿಟಿಯ ಒಡೆಯರಾದ ಓಪನ್‌ಎಐ ಕಂಪನಿಯಲ್ಲಿ 10,000 ಕೋಟಿ ಡಾಲರಿನವರೆಗೆ ಹಣ ಹೂಡುವ ಯೋಜನೆಯನ್ನು ಸಾರಿತ್ತು. ಓಪನ್‌ಎಐ ಹೆಚ್ಚಾಗಿ ಬಳಸುತ್ತಿದ್ದುದಾದರೋ ಎನ್ವಿಡಿಯಾದ ಚಿಪ್ಪುಗಳನ್ನೇ! ಧಣಿಯು ಗಿರಾಕಿಯ ಜೇಬಿಗೆ ತಾನೇ ದುಡ್ಡು ಹಾಕಿ ಊಟಕ್ಕೆ ಕೂರಿಸಿ, ಸಂಜೆ ಗಲ್ಲೆ ಎಣಿಸಿ ವ್ಯಾಪಾರ ಜೋರಾಯಿತೆಂದರೆ ನಾವು ಏನೆನ್ನುತ್ತೇವೆ? ಹೊರಗಿನ ಗಿರಾಕಿ ಎಷ್ಟು ಮಂದಿ ಎಂದು ಕೇಳುತ್ತೇವೆ.

ಇನ್ನು ನಮ್ಮ ಊರಿನ ಕಥೆಗೆ ಬರೋಣ.

1861ರಲ್ಲಿ ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತು. ಹತ್ತಿ ಬೆಳೆಯುವುದು ದಕ್ಷಿಣದಲ್ಲಿ. ಅಲ್ಲಿನ ಬಂದರುಗಳಿಗೆ ಉತ್ತರದ ಹಡಗುಗಳು ದಿಗ್ಬಂಧನ ಹಾಕಿದವು. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಗಿರಣಿಗಳು ಹತ್ತಿಯಿಲ್ಲದೆ ನಿಂತವು, ಅಲ್ಲಿನ ಕೂಲಿಕಾರರು ಗಂಜಿಗೆ ಸಾಲು ನಿಂತರು. ಅವರ ಹಸಿವು ಮುಂಬಯಿಗೆ ಸುಗ್ಗಿಯಾಯಿತು. ಇಲ್ಲಿಂದ ಹೋಗುವ ಹತ್ತಿಗೆ ಹೇಳಿದ್ದೇ ಬೆಲೆ. ಜನರು ಹಳೆಯ ಹಾಸಿಗೆ ಬಿಚ್ಚಿ ಹತ್ತಿ ಮಾರಿದರೆಂದು ಕಥೆಯೇ ಇದೆ.

ಇದರಲ್ಲಿ ನಮ್ಮ ನಾಡಿನ ಪಾಲೂ ಇತ್ತು. ಧಾರವಾಡದ ಸೀಮೆಯಲ್ಲಿ ಅಮೆರಿಕದ ಬೀಜ ಬಿತ್ತಿ ಬೆಳೆದ ಹತ್ತಿಗೆ ಮೊದಲೇ ಹೆಸರಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರ ಬಂದರಿನಿಂದ ಸಾಗಿಸಬೇಕೆಂದು ಇಂಗ್ಲೆಂಡಿನ ಗಿರಣಿಯವರು ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯೂ ಇತ್ತು. ಸಮುದ್ರದಾಚೆಯ ಯುದ್ಧವೊಂದು ಕುಮಟೆ, ಹೊನ್ನಾವರದ ರೈತನ ಕಚೇರಿಯ ವಿಳಾಸ ಬದಲಿಸಿತು ನೋಡಿ!

ಹತ್ತಿಯಿಂದ ಬಂದ ಹಣ ಪೇಢಿಗಳಲ್ಲಿ ಸುಮ್ಮನೆ ಕೂರಲಿಲ್ಲ. ಬ್ಯಾಂಕುಗಳು, ಸಮುದ್ರ ತುಂಬಿಸುವ ಕಂಪನಿಗಳು ನಾಯಿಕೊಡೆಯಂತೆ ಎದ್ದವು. ದೊಡ್ಡ ಹೆಸರು ಬ್ಯಾಕ್ ಬೇ ಕಂಪನಿಯದು. 5,000 ರೂಪಾಯಿ ತುಂಬಿದ ಅದರ ಒಂದು ಶೇರು 50,000ಕ್ಕೆ ಏರಿತು. ಸಮುದ್ರ ಇನ್ನೂ ಸಮುದ್ರವಾಗಿಯೇ ಇತ್ತು. ಏರಿದ್ದು ಕಾಗದ ಮಾತ್ರ. ಬ್ಯಾಂಕ್ ಆಫ್ ಬಾಂಬೆ ಇಂತಹ ಶೇರುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟಿತು, ಆ ಸಾಲದಿಂದ ಮತ್ತೆ ಶೇರು ಕೊಂಡರು. ಇದರ ನಡುಮಧ್ಯೆ ನಿಂತವರು ಪ್ರೇಮಚಂದ ರಾಯಚಂದರು; ಅವರ ಒಂದು ಚೀಟಿಗಾಗಿ ಊರೇ ಕಾದಿತ್ತು. ಅದೂ ಸಾಲದೆ ವಾಯಿದೆ ವ್ಯಾಪಾರ ಬೇರೆ, ಕೈಯಲ್ಲಿ ಹಣವಿಲ್ಲದವನು ಮುಂದಿನ ತಾರೀಖಿಗೆ ಕೊಡುತ್ತೇನೆಂದು ಇಂದೇ ಕೊಳ್ಳುವುದು. ಆ ತಾರೀಖು 1865ರ ಜುಲೈ 1.

ಆದರೆ ಏಪ್ರಿಲಿನಲ್ಲೇ ಅಮೆರಿಕದ ದಕ್ಷಿಣದ ಸೈನ್ಯ ಶರಣಾಗಿತ್ತು. ಹತ್ತಿಯ ಬೆಲೆ ಕುಸಿಯಿತು. ಜುಲೈ 1 ಬಂದಾಗ ಕೊಡಬೇಕಾದವನ ಕೈ ಖಾಲಿ, ಕೊಡಿಸಬೇಕಾದವನ ಕೈಯೂ ಖಾಲಿ. ಬ್ಯಾಕ್ ಬೇ ಶೇರು 2,000ಕ್ಕಿಂತ ಕೆಳಗೆ ಬಿತ್ತು. ಬ್ಯಾಂಕ್ ಆಫ್ ಬಾಂಬೆಯ 2,850 ರೂಪಾಯಿಯ ಶೇರನ್ನು 87ಕ್ಕೆ ಮಾರಬೇಕಾಯಿತು. 1868ರಲ್ಲಿ ಆ ಬ್ಯಾಂಕೇ ಮುಚ್ಚಿತು.

ಪುಸ್ತಕಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ, ಶೇಟಜಿಗಳ ನಷ್ಟದ ಪಟ್ಟಿಯೊಂದಿಗೆ. ನಮಗೆ ಬೇಕಾದದ್ದು ಬೇರೆ ಪಟ್ಟಿ. 1864ರ ಜನಗಣತಿಯಲ್ಲಿ ಮುಂಬಯಿಯಲ್ಲಿ 8,16,562 ಜನರಿದ್ದರು. 1872ರಲ್ಲಿ 6,44,405. ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕಡಿಮೆ! ಎಲ್ಲರೂ ಶೇರು ಬಿದ್ದುದರಿಂದಲೇ ಹೋದವರೆಂದು ನಾವು ಹೇಳುವುದಿಲ್ಲ. ಆದರೆ ಸುಗ್ಗಿಯ ಕಾಲದಲ್ಲಿ ಮಣ್ಣು ಹೊರಲು, ಮೂಟೆ ಎತ್ತಲು, ಕಲ್ಲು ಕಟ್ಟಲು ಬಂದವರು ಕೆಲಸ ನಿಂತೊಡನೆ ಗಂಟು ಕಟ್ಟಿದರು. ಅವರ ಕೈಯಲ್ಲಿ ಒಂದು ಶೇರೂ ಇರಲಿಲ್ಲ. ಶೇರು ಏರಿದಾಗ ಅವರಿಗೆ ಸಿಕ್ಕಿದ್ದು ದುಬಾರಿ ಅಕ್ಕಿ, ದುಬಾರಿ ಬಾಡಿಗೆ. ಇಳಿದಾಗ ಸಿಕ್ಕಿದ್ದು ಊರಿನ ದಾರಿ.

ಹಾಗೆಂದು ಎಲ್ಲವೂ ಹೊಗೆಯಾಯಿತೇ? ಇಲ್ಲ. ಬ್ಯಾಕ್ ಬೇ ಕಂಪನಿ ತುಂಬಿಸಿದ್ದ ಕಿರಿದಾದ ನೆಲದ ಪಟ್ಟಿ ರೈಲಿಗೆ ದಕ್ಕಿತು; ಮರೀನ್ ಲೈನ್ಸಿನಿಂದ ಚರ್ಚ್‌ಗೇಟಿಗೆ ಬಾಗಿಲಿಗೆ ಜೋತು ನಾವು ಹೋಗುವುದು ಆ ದಾರಿಯಲ್ಲೇ. ಪ್ರೇಮಚಂದರು ಸುಗ್ಗಿಯಲ್ಲಿ ಕೊಟ್ಟ ಹಣದಿಂದ ಅವರ ತಾಯಿಯ ಹೆಸರಿನ ರಾಜಾಬಾಯಿ ಗೋಪುರ 1878ರಲ್ಲಿ ಎದ್ದಿತು. ಗಿರಣಿಗಳೂ ಬೆಳೆದವು. ಕಾಗದ ಸುಟ್ಟರೂ ವಸ್ತು ಉಳಿಯುತ್ತದೆ. ಉಳಿದದ್ದು ಯಾರ ಕೈಗೆ ಎಂಬುದೇ ಜಗಳ. ಆ ಗಿರಣಿಗಳಲ್ಲಿ ದುಡಿದ ಹಿರಿಯರು ಇಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದೀರಿ. 1982ರ ಜನವರಿ 18ರ ಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ನಿಂತುವು, ನೆಲ ಮಾತ್ರ ನಿಂತಲ್ಲೇ ಚಿನ್ನವಾಯಿತು. ಅದನ್ನು ನಿಮಗೆ ನಾವು ಹೇಳಿಕೊಡಬೇಕೇ?

ಯಂತ್ರಬುದ್ಧಿಯ ಶೇರು ನಾಳೆ ಬೀಳುತ್ತದೆಂದು ನಾವು ಜ್ಯೋತಿಷ್ಯ ಹೇಳುವುದಿಲ್ಲ. ಬಿದ್ದರೂ ಯಂತ್ರ ಹೋಗುವುದಿಲ್ಲ, ಇಷ್ಟು ಖಂಡಿತ. ಮಾಡಿನ ಹಣ ಮಾಡಿಗೇ ಇರಲಿ ಎಂದು ಮೊದಲಿನವರಿಗೆ ಅಂದೇ ಹೇಳಿ ಕಳಿಸಿದೆವು; ಅವರಿಗೆ ಅಷ್ಟೇನೂ ರುಚಿಸಲಿಲ್ಲ.

ಗಲ್ಲೆಯ ತಮ್ಮನ ಪ್ರಶ್ನೆ ಕಷ್ಟದ್ದು. ಹತ್ತಿಯ ಸುಗ್ಗಿ ಯಾರ ಕೈಯ ಕಸಬನ್ನೂ ಕಲಿತುಕೊಳ್ಳಲಿಲ್ಲ, ಇದು ಕಲಿಯುತ್ತದೆ. ಅದೂ ನಮ್ಮಂಥವರಿಂದಲೇ. ಚಾಮರಾಜನಗರದ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಮೊಬೈಲಿಗೆ ಕನ್ನಡ ವಾಕ್ಯಗಳನ್ನು ಓದಿ ಕೊಟ್ಟು ಕೂಲಿ ಪಡೆದಿದ್ದಾರೆ. ಯಂತ್ರಕ್ಕೆ ಕನ್ನಡ ಬಂದದ್ದು ಹೀಗೂ ಉಂಟು. ನಾವು ಮೊದಲು ಕೆಲಸ ಮಾಡುತ್ತಿದ್ದ ಹೋಟೆಲೊಂದರಲ್ಲಿ ಗಿರಾಕಿಯೇ ಫೋನಿನಲ್ಲಿ ಆರ್ಡರು ಒತ್ತುವ ಏರ್ಪಾಟು ಬಂದಾಗ ನಾಲ್ವರು ಸಪ್ಲೈಯರರಲ್ಲಿ ಇಬ್ಬರು ಉಳಿದರು. ಮೇಜುಗಳು ಅಷ್ಟೇ ಇದ್ದವು. ಉಳಿದಿಬ್ಬರ ಸಂಬಳವೂ ಅಷ್ಟೇ ಇತ್ತು! ಮುಂಚಿತವಾಗಿ ಕಾಗದದ ಮೇಲೆ ಏನನ್ನೂ ಬರೆಸಿಕೊಂಡಿರಲಿಲ್ಲವಾದ್ದರಿಂದ ಧಣಿಗಳ ಮುಂದೆ ನಿಂತು ಕೇಳಲು ನಮ್ಮ ಬಳಿ ಮಾತೇ ಇರಲಿಲ್ಲ.

ಬರೆಸಿಕೊಂಡವರೂ ಇದ್ದಾರೆ. ಅಮೆರಿಕದ ಸಿನಿಮಾ ಬರಹಗಾರರ ಸಂಘದವರು 2023ರಲ್ಲಿ 148 ದಿನ ಮುಷ್ಕರ ಹೂಡಿದರು. ಯಂತ್ರವನ್ನು ಬರಹಗಾರನೆಂದು ಎಣಿಸಕೂಡದು, ಯಂತ್ರ ಬಳಸಲೇಬೇಕೆಂದು ಬರಹಗಾರನನ್ನು ಬಲಾತ್ಕರಿಸಕೂಡದು, ಕೊಟ್ಟ ಬರಹ ಯಂತ್ರದ್ದಾದರೆ ಅದನ್ನು ಹೇಳಿಯೇ ಕೊಡಬೇಕು ಎಂಬುದನ್ನು ಕರಾರಿಗೆ ಸೇರಿಸಿದರು. ಅವರು ಯಂತ್ರವನ್ನು ಒಡೆಯಲಿಲ್ಲ. ಅದು ಒಳಗೆ ಬರುವ ಷರತ್ತನ್ನು ಬರೆಸಿದರು. ಅವರು ಲೇಖನಿ ಹಿಡಿದವರು, ನಾವು ತಟ್ಟೆ ಹಿಡಿದವರು. ಅವರ ಬಲ ನಮಗಿಲ್ಲವೆಂಬುದೂ ಗೊತ್ತು. ಹೋಟೆಲು ಕೆಲಸಗಾರರಲ್ಲಿ ಕರಾರಿನ ಕಾಗದವನ್ನೇ ಕಾಣದವರು ಎಷ್ಟು ಮಂದಿ!

ಅದಕ್ಕಾಗಿ ಬಾಗಿಲ ಬಳಿಯ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ನಿಮ್ಮ ಹೋಟೆಲಿನಲ್ಲಿ ಯಾವ ಯಂತ್ರ ಬಂದಿದೆ, ಯಾವ ತಿಂಗಳು ಬಂತು, ಅದಕ್ಕೆ ಮುಂಚೆ ಎಷ್ಟು ಜನ, ಈಗ ಎಷ್ಟು ಜನ, ಸಂಬಳ ಏರಿತೋ ಇಲ್ಲವೋ, ಇಷ್ಟನ್ನು ಬರೆಯಿರಿ. ಬರೆಯಲು ಬಾರದವರು ಹೇಳಿರಿ, ರಾತ್ರಿಶಾಲೆಯ ಹುಡುಗರು ಬರೆದುಕೊಳ್ಳುತ್ತಾರೆ. ಗಲ್ಲೆಯ ತಮ್ಮ ಮೊದಲನೆಯ ಸಾಲನ್ನು ಬರೆದಾಗಿದೆ.