ಆನೆಯ ದಾರಿ ಕೇಳಿ ಸೈಕಲ್ ದಾರಿ ಕಡಿಯಿರಿ

(ಬನ್ನೇರುಘಟ್ಟ ಕಾಡಂಚಿನ ಊರೊಂದರಲ್ಲಿ ರೈತರು ಮತ್ತು ಸೈಕಲ್ ಸವಾರರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆ ಯಾಕೆ ಅಂತ ಎಲ್ಲರಿಗೂ ಗೊತ್ತು. ನಮ್ಮೂರ ಗೋಮಾಳ ದಾಟಿ, ಆನೆ ಕಂದಕದ ಪಕ್ಕದಲ್ಲೇ, ಗುಡ್ಡದ ಇಳಿಜಾರಿನಲ್ಲಿ ಮೌಂಟನ್ ಬೈಕ್ ಓಡಿಸಲು ಜಾಡು ಕಡಿಯಬೇಕು ಅನ್ನುವ ಮಾತು ಎದ್ದಿದೆ. ಒಬ್ಬರು ಬೇಕು ಅಂತಾರೆ, ಇನ್ನೊಬ್ಬರು ಬಡಿಗೆ ಹಿಡಿದು ಬೇಡ ಅಂತಾರೆ. ಎರಡು ಮಾತು ನನಗೂ ಆಡಬೇಕಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸೈಕಲ್ಲಿನ ಶತ್ರು ಅಲ್ಲ. ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಸೈಕಲ್ ಕಲಿತವನು. ಹೈಸ್ಕೂಲಿಗೆ ಇದೇ ಕಾಡಂಚಿನ ಗಾಡಿದಾರಿಯಲ್ಲಿ ಹೋಗಿ ಬಂದವನು. ಹೊಗೆಯಿಲ್ಲ, ಸದ್ದಿಲ್ಲ, ಬಡವನ ವಾಹನ. ಅದನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಆದರೆ ಬಂಧುಗಳೇ, ಆ ಸದ್ದಿಲ್ಲದ ಗುಣವೇ ಕಾಡಿನಲ್ಲಿ ಗಂಡಾಂತರ! ಜೀಪು ಬಂದರೆ ಆನೆಗೆ ದೂರದಿಂದಲೇ ಗೊತ್ತಾಗುತ್ತದೆ. ದನ ಕಾಯುವವನು ಕೂಗಿಕೊಂಡು ಬರುತ್ತಾನೆ. ಇಳಿಜಾರಿನಲ್ಲಿ ಸೈಕಲ್ ಬಾಣದಂತೆ ಬರುತ್ತದೆ. ತಿರುವಿನಾಚೆ ಕರಡಿ ನಿಂತಿದ್ದರೆ ಅದಕ್ಕೂ ತಿಳಿಯುವುದಿಲ್ಲ, ಸವಾರನಿಗೂ ತಿಳಿಯುವುದಿಲ್ಲ.

2016ರ ಜೂನ್ ತಿಂಗಳಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಕಾಡಿನಲ್ಲಿ ಇದೇ ಆಯಿತು. ಅರಣ್ಯ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ, ಕಾಡನ್ನು ಬಲ್ಲ ಮನುಷ್ಯ. ಮರೆ ತಿರುವಿನಲ್ಲಿ ಅವನ ಸೈಕಲ್ ನೇರ ಗ್ರಿಜ್ಲಿ ಕರಡಿಗೇ ಗುದ್ದಿತು. ವೇಗ ಗಂಟೆಗೆ 30 ಕಿಲೋಮೀಟರಿಗೂ ಹೆಚ್ಚಿದ್ದಿರಬೇಕು, ಕರಡಿ ಕಂಡ ಮೇಲೆ ಅವನಿಗೆ ಸಿಕ್ಕಿದ್ದು ಒಂದೆರಡು ಸೆಕೆಂಡು ಮಾತ್ರ ಅಂತ ತನಿಖಾ ವರದಿ ಹೇಳಿತು. ಆ ಮನುಷ್ಯ ಉಳಿಯಲಿಲ್ಲ. ಕಾಡು ಬಲ್ಲವನ ಗತಿಯೇ ಹೀಗಾದರೆ, ಭಾನುವಾರ ಬಂದು ಹೋಗುವವರ ಗತಿಯೇನು ಸ್ವಾಮಿ? ನಮ್ಮ ಬನ್ನೇರುಘಟ್ಟದಲ್ಲೂ ಕರಡಿ ಇದೆ. ದಿಢೀರನೆ ಎದುರಾದರೆ ಓಡುವುದಕ್ಕಿಂತ ಮೊದಲು ಮೈಮೇಲೆ ಬೀಳುವ ಜಾತಿ ಅದು.

ಇನ್ನು ಪ್ರಾಣಿಯ ಕಡೆಯಿಂದ ನೋಡೋಣ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಸ್ಟಾರ್ಕಿ ಅಂತ ಒಂದು ಪ್ರಯೋಗದ ಕಾಡಿದೆ. ಅಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಕೊರಳಿಗೆ ಪಟ್ಟಿ ಕಟ್ಟಿ, ಮನುಷ್ಯ ಬಂದಾಗ ಅವು ಎಷ್ಟು ದೂರ ಸರಿಯುತ್ತವೆ ಅಂತ ಅಳೆದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೋಟಾರು ಗಾಡಿಗೆ ಅವು ಎಲ್ಲಕ್ಕಿಂತ ಹೆಚ್ಚು ಹೆದರಿ ದೂರ ಹೋದವು. ಎರಡನೆಯದು ಯಾವುದು? ಮೌಂಟನ್ ಬೈಕ್! ನಡೆಯುವವರಿಗೆ, ಕುದುರೆ ಸವಾರರಿಗೆ ಅಷ್ಟು ಹೆದರಲಿಲ್ಲ.

ಸರಿಯಲಿ ಬಿಡಿ, ಕಾಡು ದೊಡ್ಡದಿದೆ ಅನ್ನಬಹುದು. ಲೆಕ್ಕ ಹಾಕಿ. ಜಾಡು ಹತ್ತು ಕಿಲೋಮೀಟರ್ ಉದ್ದ ಇಟ್ಟುಕೊಳ್ಳಿ. ಪ್ರಾಣಿ ಎರಡೂ ಪಕ್ಕದಲ್ಲಿ ನೂರು ನೂರು ಮೀಟರ್ ಮಾತ್ರ ಬಿಟ್ಟು ಸರಿಯುತ್ತದೆ ಅಂತ ಇಟ್ಟುಕೊಳ್ಳಿ. ಎರಡು ಚದರ ಕಿಲೋಮೀಟರ್ ಆಯಿತು. ಸುಮಾರು 500 ಎಕರೆ! ನಾವು ಕಡಿದದ್ದು ಒಂದು ಮಾರು ಅಗಲದ ದಾರಿ. ಪ್ರಾಣಿಗೆ ತಪ್ಪಿದ್ದು 500 ಎಕರೆ ಮೇವು.

ಹಾಗೆ ಸರಿದ ಆನೆ ಎಲ್ಲಿಗೆ ಹೋಗುತ್ತದೆ? ಹಿಂದಿನ ಸುಗ್ಗಿಯಲ್ಲಿ ನಮ್ಮೂರು ಕಂಡಿದೆ. ಮುಚ್ಚಂಜೆ ಹೊತ್ತು, ರಾಗಿ ತೆನೆ ಬಲಿತಿದೆ. ನಾಲ್ಕು ಹುಡುಗರು ತಲೆಗೆ ದೀಪ ಕಟ್ಟಿಕೊಂಡು ಕಂದಕದ ಪಕ್ಕದ ದಾರಿಯಲ್ಲಿ ಸೈಕಲ್ ಬಿಟ್ಟುಕೊಂಡು ಬಂದರು. ಕಾಡೊಳಗೇ ಸಾಲು ಹಿಡಿದು ಹೋಗುತ್ತಿದ್ದ ಹಿಂಡು ಬೆದರಿ ಚದುರಿತು. ಮರಿಯಿದ್ದ ತಾಯಾನೆ ಕಂದಕ ಕುಸಿದ ಕಡೆ ಇಳಿದು ಹೊಲಕ್ಕೆ ನುಗ್ಗಿತು. ನನ್ನ ದೊಡ್ಡಪ್ಪನ ಮಗ ಅಟ್ಟಣೆಯ ಮೇಲಿದ್ದ. ಬೆಳಗಿನ ಜಾವದವರೆಗೂ ಕೆಳಗಿಳಿಯಲಿಲ್ಲ. ಅವನ ಜೀವ ಉಳಿಯಿತು, ರಾಗಿ ಉಳಿಯಲಿಲ್ಲ. ಆ ಹುಡುಗರು ಕೆಟ್ಟವರೇ? ಖಂಡಿತ ಅಲ್ಲ. ತಾವು ಏನು ಮಾಡಿ ಹೋದೆವು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಸಂಕಟ ಅದೇ. ಆಟ ಒಬ್ಬರದು, ದಂಡ ಕಟ್ಟುವವರು ಇನ್ನೊಬ್ಬರು.

"ನಾವು ಉದ್ಯಾನದ ಒಳಗೆ ಹೋಗುವುದಿಲ್ಲವಲ್ಲ, ಅಂಚಿನಲ್ಲಿ ತಾನೇ?" ಅಂತ ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಹೊರಗಿನವರು ಕಾಲಿಡುವಂತಿಲ್ಲ, ನಿಜ. ಆದರೆ ಗಡಿಕಲ್ಲು ನೆಟ್ಟದ್ದು ಮನುಷ್ಯ. ಆನೆ ಅದನ್ನು ಓದಿಲ್ಲ. ಕಾವೇರಿ ವನ್ಯಧಾಮದ ಕಡೆಯಿಂದ, ಹೊಸೂರು ಕಾಡಿನ ಕಡೆಯಿಂದ ಬಂದು ಹೋಗುವ ಹಿಂಡಿಗೆ ಈ ಅಂಚೇ ಹೆದ್ದಾರಿ.

ಆ ಅಂಚನ್ನು ನಮ್ಮ ಸರ್ಕಾರಗಳು ಹೇಗೆ ಕಾಪಾಡಿದವು ನೋಡಿ! 2016ರ ಕರಡಿನಲ್ಲಿ ಬನ್ನೇರುಘಟ್ಟದ ಸುತ್ತ ಪರಿಸರ ಸೂಕ್ಷ್ಮ ವಲಯ 268.96 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ಒಂದೇ ಏಟಿಗೆ ನೂರು ಚದರ ಕಿಲೋಮೀಟರ್ ಮಾಯ! ಅವತ್ತು ಬಾಯಿ ಮುಚ್ಚಿಕೊಂಡಿದ್ದವರು ಇವತ್ತು ಸೈಕಲ್ ಹುಡುಗರ ಮೇಲೆ ಎಗರಾಡುತ್ತಾರೆ. ಲೇಔಟಿನವರಿಗೆ, ಕಲ್ಲು ಕ್ವಾರಿಯವರಿಗೆ ಕೈಮುಗಿದು, ಸೈಕಲ್ಲಿನವನ ಕೊರಳಪಟ್ಟಿ ಹಿಡಿಯುವುದು ನ್ಯಾಯವೇ? ಅಲ್ಲ. ಹಾಗಂತ ಉಳಿದಿರುವ ಚೂರು ಅಂಚಿನಲ್ಲಿ ಇನ್ನೊಂದು ಜಾಡು ಕಡಿಯುವುದೂ ನ್ಯಾಯವಲ್ಲ.

ಸೈಕಲ್ ತಮ್ಮಂದಿರೇ, ನಿಮ್ಮ ಮೇಲೆ ನನಗೆ ನಂಬಿಕೆ ಇದೆ. 2021ರ ಆರಂಭದಲ್ಲಿ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡುತ್ತೇವೆ ಅಂತ ಹೊರಟಾಗ, ಕಾಡು ಕಾಡಾಗಿಯೇ ಇರಲಿ ಅಂತ ಜನ ಎದ್ದು ನಿಂತರು. ಆ ಸಾಲಿನಲ್ಲಿ ಸೈಕಲ್ ಸವಾರರೂ ಇದ್ದರು. ಅವತ್ತು ನೀವು ಸರ್ಕಾರಕ್ಕೆ ಹೇಳಿದ ಮಾತನ್ನೇ ಇವತ್ತು ನಿಮಗೆ ಹೇಳುತ್ತಿದ್ದೇನೆ.

ಹಾಗಾದರೆ ಜಾಡೇ ಬೇಡವೇ? ಬೇಕು. ನಮ್ಮೂರ ಹುಡುಗರಿಗೂ ಬೇಕು. ಆದರೆ ಈ ಕೆಲವು ಮಾತು ಒಪ್ಪಿ ಕಡಿಯಿರಿ.

ಮೊದಲನೆಯದು, ಜಾಗ. ನಕ್ಷೆ ಬರೆಯುವುದಕ್ಕಿಂತ ಮೊದಲು ಅಟ್ಟಣೆಯಲ್ಲಿ ಮಲಗುವವನನ್ನು, ದನ ಕಾಯುವವನನ್ನು, ಅರಣ್ಯದ ವಾಚರನ್ನು ಕೇಳಿ. ಆನೆ ಎಲ್ಲಿ ದಾಟುತ್ತದೆ, ಎಲ್ಲಿ ನೀರು ಕುಡಿಯುತ್ತದೆ, ಅವರ ಬೆರಳ ತುದಿಯಲ್ಲಿದೆ. ಅವರು ತೋರಿಸಿದ ದಾರಿ ಬಿಟ್ಟು, ಕಾಡಿನಿಂದ ದೂರದ ಕಡೆ, ಹಳೆಯ ಗಾಡಿದಾರಿ, ಕೆರೆ ಏರಿಯ ಪಕ್ಕ, ಈಗಾಗಲೇ ಜನ ಓಡಾಡುವ ಬರಡು ಗುಡ್ಡ ಆರಿಸಿಕೊಳ್ಳಿ. ಗ್ರಾಮಸಭೆಯ ಒಪ್ಪಿಗೆ, ಇಲಾಖೆಯ ಅನುಮತಿ ಎರಡೂ ಇರಲಿ.

ಎರಡನೆಯದು, ಹೊತ್ತು. ಬಿಸಿಲು ಏರಿದ ಮೇಲೆ ಬನ್ನಿ, ಬಿಸಿಲು ಇಳಿಯುವ ಮೊದಲು ಮನೆ ಸೇರಿ. ಮುಂಜಾವು, ಮುಚ್ಚಂಜೆ, ರಾತ್ರಿ ಪ್ರಾಣಿಯ ಪಾಲು. ರಾಗಿ ಬಲಿತು ಕೊಯ್ಲು ಮುಗಿಯುವವರೆಗೆ ಜಾಡಿಗೆ ಬೀಗ.

ಮೂರನೆಯದು, ಕಡಿಯುವ ಕ್ರಮ. ಜಾಡು ಕಟ್ಟುವ ಕಸುಬಿನಲ್ಲಿ ಒಂದು ಸೂತ್ರ ಇದೆ. ಗುಡ್ಡದ ಪಕ್ಕೆಯ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ಇಳಿಜಾರು ಜಾಡಿಗೆ ಇರಬಾರದು. ಒಟ್ಟು ಸರಾಸರಿ ನೂರು ಅಡಿಗೆ ಹತ್ತು ಅಡಿ ಮೀರಬಾರದು. ಇದನ್ನು ಮೀರಿ ನೇರ ಕೆಳಕ್ಕೆ ಕಡಿದರೆ ಮಳೆನೀರು ಜಾಡನ್ನೇ ಹಳ್ಳ ಮಾಡಿ, ಮಣ್ಣನ್ನೆಲ್ಲ ನಮ್ಮ ಕೆರೆಗೆ ತಂದು ಸುರಿಯುತ್ತದೆ. ತಿರುವಿನಲ್ಲಿ ಮುಂದಿನದು ಕಾಣುವಂತಿರಲಿ, ವೇಗ ತಗ್ಗುವಂತಿರಲಿ. ಸೈಕಲ್ಲಿಗೆ ಬೆಲ್ ಇರಲಿ, ಅದು ನಾಚಿಕೆಯ ವಸ್ತುವಲ್ಲ.

ನಾಲ್ಕನೆಯದು, ಕಾವಲು. ಜಾಡು ಕಡಿದವರು ಹೋಗುತ್ತಾರೆ, ಜಾಡು ಉಳಿಯುತ್ತದೆ. ಇವತ್ತು ಸೈಕಲ್ಲು, ನಾಳೆ ಮೋಟಾರ್ ಬೈಕು, ನಾಡಿದ್ದು ಬಾಟಲಿ, ಆಮೇಲೆ ಉರುಳು ಹಾಕುವವನು. ಅದಕ್ಕೆ ಗೇಟು ಬೇಕು, ಊರ ಹುಡುಗರಿಗೆ ಸಂಬಳದ ಕಾವಲು ಕೆಲಸ ಬೇಕು. ಆನೆ ಬಂದಿದೆ ಅಂತ ಊರವರು ಹೇಳಿದ ದಿನ ಜಾಡು ಮುಚ್ಚುವ ಅಧಿಕಾರ ಅವರಿಗಿರಬೇಕು. ಫಲಕಗಳು ದೊಡ್ಡ ಕನ್ನಡ ಅಕ್ಷರದಲ್ಲಿರಲಿ. ದನ ಕಾಯುವವನಿಗೆ ಓದಲಾಗದ ಎಚ್ಚರಿಕೆ ಎಂಥ ಎಚ್ಚರಿಕೆ?

ಇಷ್ಟಕ್ಕೆ ಒಪ್ಪದೆ, ನಮಗೆ ಕಾಡಿನ ಅಂಚೇ ಬೇಕು ಅನ್ನುವವರಿಗೆ ಒಂದು ಮಾತು. ಸೈಕಲ್ ಆಟ ಬೆಳೆದ ಅಮೆರಿಕದಲ್ಲೇ, 1964ರ ಕಾಯ್ದೆಯಡಿ ಮೀಸಲಿಟ್ಟ ವನಪ್ರದೇಶಗಳೊಳಗೆ ಸೈಕಲ್ ನಿಷಿದ್ಧ. ಅಲ್ಲಿಯ ಸವಾರರು ಬೇರೆ ಗುಡ್ಡ ಹುಡುಕಿಕೊಂಡರು, ಆಟ ಸಾಯಲಿಲ್ಲ.

ನಿಮಗೆ ಗುಡ್ಡ ಇನ್ನೊಂದು ಸಿಗುತ್ತದೆ ತಮ್ಮಂದಿರೇ. ಆನೆಗೆ ಅಜ್ಜಿ ತೋರಿಸಿದ ದಾರಿ ಇದೊಂದೇ. ನಮ್ಮ ರೈತನಿಗೆ ವರ್ಷದ ಅನ್ನ ಈ ಹೊಲವೊಂದೇ. ನಾಳೆ ಬೆಳಿಗ್ಗೆ ಬಿಸಿಲೇರಿದ ಮೇಲೆ ಬನ್ನಿ, ನಮ್ಮ ವಾಚರಣ್ಣ ಮುಂದೆ ನಡೆಯುತ್ತಾನೆ, ನಾನೂ ಬರುತ್ತೇನೆ. ಮೊದಲು ಆನೆ ದಾರಿ ನೋಡೋಣ. ಸೈಕಲ್ ದಾರಿಯ ಗೆರೆ ಆಮೇಲೆ ಎಳೆಯೋಣ.